ಒಂದೇ ರಾಜಾ, ಎರಡು ಖಾತೆ: ನಾಯಿ ವಂಶಾವಳಿಯ ಲೆಕ್ಕ ಬರೆಯೋದು ಹೇಗೆ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಇಂದಿರಾನಗರ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಿರೋರಿಗೆ, ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತು ನಾಯಿ ವಿಷಯ. ಆದ್ರೆ ಯಾವ ನಾಯಿ ಸಾಕಬೇಕು, ಏನು ತಿನ್ನಿಸಬೇಕು ಅಂತೆಲ್ಲ ಅಲ್ಲ. ನಾಯಿಯ ಪೇಪರ್ ಬಗ್ಗೆ. ವಂಶಾವಳಿ, ಅಂದ್ರೆ ಪೆಡಿಗ್ರಿ. ಗೂಗಲ್‌ನಲ್ಲಿ ಆ ಪದ ಹುಡುಕಿದ್ರೆ ಮೊದಲು ಬರೋದು ನಾಯಿ ಊಟದ ಪ್ಯಾಕೆಟ್ಟು. ನಾನು ಹೇಳ್ತಿರೋದು ಅದಲ್ಲ.

ನಾನು ಬಿ.ಕಾಂ. ಓದಿದವನು. ಡೆಬಿಟ್ಟು, ಕ್ರೆಡಿಟ್ಟು, ಟ್ಯಾಲಿ, ಇಷ್ಟೇ ನನ್ನ ವಿದ್ಯೆ. ನಾಯಿ ಡಾಕ್ಟ್ರು ಅಲ್ಲ. ಆದ್ರೂ ಈ ಸಂಚಿಕೆ ಯಾಕೆ ಮಾಡ್ತಿದ್ದೀನಿ ಅಂದ್ರೆ, ಲೆಕ್ಕ ಗೊತ್ತಿರೋ ನಾನೇ ಒಂದು ಲೆಕ್ಕ ತಪ್ಪು ಬರೆದು, ಅಣ್ಣ–ತಂಗಿ ನಾಯಿಗಳಿಗೆ ಮದುವೆ ಮಾಡಿಸೋಕೆ ಹೊರಟಿದ್ದೆ.

ಕೆ.ಆರ್. ಪುರಂನಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಐಟಿಐ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರ ಹತ್ರ ಒಂದು ಮುಧೋಳ ಹೆಣ್ಣು ನಾಯಿ ಇದೆ, ಹೆಸರು ಚಂದ್ರಿ, ಮೂರು ವರ್ಷ. ಒಂದ್ಸಲ ಮರಿ ಹಾಕಿಸಬೇಕು ಅನ್ನೋದು ಚಿಕ್ಕಪ್ಪನ ಆಸೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಮುಧೋಳ ಸಾಕೋ ನಲವತ್ತು ಜನರ ಒಂದು ವಾಟ್ಸಾಪ್ ಗುಂಪು ಇದೆ. ಎಲ್ಲರ ನಾಯಿಗಳ ಅಪ್ಪ, ಅಮ್ಮ, ಹುಟ್ಟಿದ ದಿನ, ಚಿಪ್ ನಂಬರ್, ಎಲ್ಲಾ ಸೇರಿಸಿ ಎಕ್ಸೆಲ್ ಶೀಟ್ ಮಾಡಿಟ್ಟಿದ್ದು ನಾನೇ. ಅದ್ರಲ್ಲಿ ಹುಡುಕಿದಾಗ ಹಲಸೂರಿನ ಒಬ್ಬ ಹುಡುಗನ ಗಂಡು ನಾಯಿ ಸಿಕ್ತು. ಶೇರು ಅಂತ. ಒಳ್ಳೆ ಎತ್ತರ, ಒಳ್ಳೆ ಗುಣ. ಚಂದ್ರಿ ಪೇಪರ್‌ನಲ್ಲಿ ತಳಿ 'ಮುಧೋಳ ಹೌಂಡ್', ಅಪ್ಪನ ಹೆಸರು 'ರಾಜಾ'. ಶೇರು ಪೇಪರ್‌ನಲ್ಲಿ ತಳಿ 'ಕಾರವಾನ್ ಹೌಂಡ್', ಅಪ್ಪನ ಹೆಸರು ಉದ್ದಕ್ಕೆ ಇಂಗ್ಲಿಷಲ್ಲಿ, ಕೊನೆಗೆ 'ಕಿಂಗ್'. ಎಲ್ಲೂ ಸಂಬಂಧ ಇಲ್ಲ ಅಂತ ನಾನೇ ಹಸಿರು ಬಣ್ಣ ಹಚ್ಚಿ ಓಕೆ ಮಾಡ್ದೆ.

ಆ ಭಾನುವಾರ ಚಿಕ್ಕಪ್ಪ ಕನ್ನಡಕ ಏರಿಸ್ಕೊಂಡು ನನ್ನ ಲ್ಯಾಪ್‌ಟಾಪ್ ನೋಡಿದ್ರು. "ಏನೋ ಇದು, ಎಲ್ಲಾ ನಾಯಿಗೂ ಒಂದೇ ನಂಬರ್ ಕೊಟ್ಟಿದ್ದೀಯ?" ಅಂದ್ರು. ನೋಡಿದ್ರೆ ಹೌದು. ಚಿಪ್ ನಂಬರ್ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಹೆಚ್ಚುಕಮ್ಮಿ ಎಲ್ಲಾ '9.56ಇ+14'.

ಇದು ಏನಾಗಿತ್ತು ಅಂತ ಹೇಳ್ತೀನಿ, ಯಾಕಂದ್ರೆ ನಾಳೆ ನಿಮಗೂ ಆಗಬಹುದು. ನಾಯಿಯ ಭುಜದ ಮಧ್ಯೆ ಚರ್ಮದ ಕೆಳಗೆ ಹಾಕೋ ಮೈಕ್ರೋಚಿಪ್ ಅಕ್ಕಿಕಾಳಿನಷ್ಟಿರುತ್ತೆ. ಅದ್ರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಸ್ಕ್ಯಾನರ್ ಹತ್ರ ಹಿಡಿದ್ರೆ 15 ಅಂಕಿಯ ಒಂದು ನಂಬರ್ ಹೇಳುತ್ತೆ, ಅಷ್ಟೇ. ಮೊದಲ ಮೂರು ಅಂಕಿ ದೇಶದ ಕೋಡ್ ಅಥವಾ ಚಿಪ್ ತಯಾರಿಸಿದ ಕಂಪನಿಯ ಕೋಡ್. ಭಾರತದ ಕೋಡ್ 356, ಒಂಬತ್ತರಿಂದ ಶುರುವಾದ್ರೆ ಕಂಪನಿಯದ್ದು. ಉಳಿದ 12 ಅಂಕಿಯಲ್ಲಿ ನಿಜವಾದ ಗುರುತು ಇರೋದು. ಎಕ್ಸೆಲ್ ಏನ್ಮಾಡುತ್ತೆ ಅಂದ್ರೆ, 11 ಅಂಕಿಗಿಂತ ಉದ್ದದ ಸಂಖ್ಯೆ ಕಂಡ್ರೆ ಅದನ್ನ ವಿಜ್ಞಾನದ ಶೈಲಿಯಲ್ಲಿ ಚಿಕ್ಕದು ಮಾಡಿ ತೋರಿಸುತ್ತೆ. ಅಲ್ಲಿಗೆ ನಿಲ್ಲೋದಿಲ್ಲ. ಆ ಫೈಲನ್ನ ಸಿಎಸ್‌ವಿ ಆಗಿ ಸೇವ್ ಮಾಡಿದ್ರೆ ತೋರಿಸಿದ್ದನ್ನೇ ಉಳಿಸುತ್ತೆ, ಕೊನೆಯ ಅಂಕಿಗಳು ಹೋಗೇ ಬಿಡುತ್ತವೆ. ನಾನು ಹಾಗೇ ಸೇವ್ ಮಾಡಿ ಎಲ್ಲರಿಗೂ ಕಳಿಸಿದ್ದೆ. ಆ ಕಾಲಮ್ ಯಾರೂ ನೋಡ್ತಾನೇ ಇರಲಿಲ್ಲ, ನಾನೂ ಸೇರಿ. ಪರಿಹಾರ ಬಹಳ ಸುಲಭ: ನಂಬರ್ ಟೈಪ್ ಮಾಡೋಕೆ ಮುಂಚೆ ಆ ಕಾಲಮ್ಮನ್ನ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡ್ಕೊಳ್ಳಿ. ಚಿಪ್ ನಂಬರ್‌ನ ನೀವು ಕೂಡಿಸಲ್ಲ, ಕಳೆಯಲ್ಲ. ಅದು ನಂಬರ್ ಥರ ಕಾಣೋ ಹೆಸರು.

ವಾಟ್ಸಾಪ್‌ನಲ್ಲಿದ್ದ ಮೂಲ ಪೇಪರ್‌ಗಳ ಫೋಟೋ ತೆಗೆದು, ಚಿಕ್ಕಪ್ಪ ಓದ್ತಾ ಹೋದ್ರು, ನಾನು ಮತ್ತೆ ಟೈಪ್ ಮಾಡ್ತಾ ಹೋದೆ. ಚಂದ್ರಿಯ ಅಪ್ಪ 'ರಾಜಾ'ನ ಚಿಪ್ಪೂ, ಶೇರುವಿನ ಅಪ್ಪ 'ಕಿಂಗ್'ನ ಚಿಪ್ಪೂ 15ಕ್ಕೆ 15 ಅಂಕಿ ಒಂದೇ. ಫೋನ್ ಮಾಡಿ ಕೇಳಿದ್ರೆ ಆ ನಾಯಿ ಇಟ್ಕೊಂಡಿದ್ದವರು, "ಹೌದಪ್ಪ, ಮನೇಲಿ ರಾಜಾ ಅಂತೀವಿ, ರಿಜಿಸ್ಟರ್‌ನಲ್ಲಿ ಆ ಉದ್ದದ ಹೆಸರು ಇದೆ" ಅಂದ್ರು. ಯಾರೂ ಮೋಸ ಮಾಡಿಲ್ಲ. ಎರಡು ಪೇಪರೂ ಸುಳ್ಳಲ್ಲ. ಒಂದೇ ಪಾರ್ಟಿಗೆ ಎರಡು ಖಾತೆ ತೆರೆದಿದ್ದು ನಾನು.

ಸರಿ, ಅದ್ರಿಂದ ಏನಾಗ್ತಿತ್ತು? ಇಲ್ಲಿ ಒಂಚೂರು ಗಣಿತ ಇದೆ, ಹೆದರಬೇಡಿ. 1922ರಲ್ಲಿ ಸೀವಾಲ್ ರೈಟ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಅಳತೆ ಕೊಟ್ಟ. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಒಬ್ಬನೇ ಪೂರ್ವಜನ ಒಂದೇ ಜೀನ್ ಪ್ರತಿ ಮರಿಗೆ ಬರೋ ಸಾಧ್ಯತೆ ಎಷ್ಟು ಅನ್ನೋದೇ ಆ ಅಳತೆ. ಒಂದು ಕೆಟ್ಟ ಜೀನ್ ಇದ್ದು, ಒಂದೇ ಪ್ರತಿ ಬಂದ್ರೆ ಸುಮ್ಮನಿರುತ್ತೆ, ಎರಡೂ ಕಡೆಯಿಂದ ಬಂದ್ರೆ ಕಾಯಿಲೆ ಆಗುತ್ತೆ ಅನ್ಕೊಳ್ಳಿ. ಸಂಬಂಧ ಹತ್ರ ಆದಷ್ಟೂ ಎರಡೂ ಒಟ್ಟಿಗೆ ಬರೋ ಅಪಾಯ ಜಾಸ್ತಿ. ಒಡಹುಟ್ಟಿದ ಅಣ್ಣ–ತಂಗಿ ನಾಯಿಗಳ ಮರಿಗೆ ಈ ಅಳತೆ ನೂರಕ್ಕೆ 25. ಅಪ್ಪ ಒಂದೇ, ಅಮ್ಮ ಬೇರೆ ಅಂತಾದ್ರೆ ನೂರಕ್ಕೆ 12.5. ನಮ್ಮ ಕಡೆ ಅಕ್ಕನ ಮಗಳನ್ನ ಸೋದರಮಾವನಿಗೆ ಕೊಡೋ ಪದ್ಧತಿ ಇದೆಯಲ್ಲ, ಅಲ್ಲೂ ಲೆಕ್ಕ ಇದೇ 12.5. ಅತ್ತೆ ಮಗಳು, ಮಾವನ ಮಗಳು ಆದ್ರೆ 6.25. ಚಂದ್ರಿ–ಶೇರು ಮರಿಗಳಿಗೆ 12.5 ಬರಬೇಕಿತ್ತು. ನನ್ನ ಶೀಟ್ ತೋರಿಸ್ತಿದ್ದದ್ದು ಸೊನ್ನೆ.

ಹೆಸರಿನ ಈ ಗೊಂದಲ ಹೊಸದೇನಲ್ಲ. ನಾಯಿಗಳ ವಂಶಾವಳಿ ಪುಸ್ತಕ ಹುಟ್ಟಿದ್ದರ ಹಿಂದೆ ಇದೂ ಒಂದು ಕಾರಣ. ಇಂಗ್ಲೆಂಡಿನಲ್ಲಿ 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಾಯಿ ಪ್ರದರ್ಶನ ಶುರುವಾಯ್ತು. ಕೆಲವೇ ವರ್ಷದಲ್ಲಿ ಎಲ್ಲಾ ಪ್ರದರ್ಶನದಲ್ಲೂ ಬಾಬ್, ಜೆಟ್, ಸ್ಪಾಟ್. ಯಾವ ಬಾಬ್ ಗೆದ್ದ, ಯಾವ ಬಾಬ್ ಯಾರ ಮಗ, ಯಾರಿಗೂ ಗೊತ್ತಾಗ್ತಿರಲಿಲ್ಲ. 1873ರಲ್ಲಿ ಕೆನಲ್ ಕ್ಲಬ್ ಶುರು ಮಾಡಿ, 1874ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನಾಯಿಗಳ ಮೊದಲ ಸ್ಟಡ್ ಬುಕ್ ಪ್ರಿಂಟ್ ಮಾಡಿದ್ರು. 1880ರಲ್ಲಿ ಹೆಸರು ನೋಂದಣಿ ಪದ್ಧತಿ ತಂದ್ರು. ಕೆನಲ್ ಹೆಸರು ಮುಂದೆ ಸೇರಿಸಿ ಉದ್ದುದ್ದ ಹೆಸರಿಡೋ ಅಭ್ಯಾಸ ಈ ದಾರಿಯಲ್ಲೇ ಬಂದದ್ದು. ನಮ್ಮಲ್ಲಿ ಇನಿಷಿಯಲ್ ಇಟ್ಕೊಳ್ತೀವಲ್ಲ, ಹಾಗೆ. ನಮ್ಮ ಬೀದಿ ಕಥೆ ಏನು ಬೇರೆ? 2022ರಲ್ಲಿ '777 ಚಾರ್ಲಿ' ಬಂತು, ಈಗ ನಮ್ಮ ಒಂದೇ ರಸ್ತೆಯಲ್ಲಿ ಮೂರು ಚಾರ್ಲಿ. ಒಂದನ್ನ ಕರೆದ್ರೆ ಮೂರೂ ತಿರುಗುತ್ತವೆ. (ನಗು)

ಮುಧೋಳಕ್ಕೆ ಮಾತ್ರ ಇನ್ನೊಂದು ತೊಡಕಿದೆ. ನಾಯಿಯ ಹೆಸರಷ್ಟೇ ಅಲ್ಲ, ತಳಿಯ ಹೆಸರೇ ಎರಡು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ರಾಜಮನೆತನದವರು ಇದನ್ನ ಬೆಳೆಸಿದ್ರು, ಮಾಲೋಜಿರಾವ್ ಘೋರ್ಪಡೆಯವರು ಬ್ರಿಟನ್ನಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ರು, ಅಲ್ಲಿಂದ 'ಮುಧೋಳ ಹೌಂಡ್' ಹೆಸರು ಬಂತು ಅಂತ ಅಲ್ಲಿಯವರು ಹೇಳ್ತಾರೆ. ಮಹಾರಾಷ್ಟ್ರದ ಕಡೆ ಇದೇ ಬಗೆಯ ನಾಯಿಗೆ ಕಾರವಾನಿ ಅಂತಾರೆ. ನಮ್ಮ ದೇಶದ ಎರಡು ದೊಡ್ಡ ನೋಂದಣಿ ಸಂಸ್ಥೆಗಳಲ್ಲಿ, ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಬಹುಕಾಲ ಇದನ್ನ ಕಾರವಾನ್ ಹೌಂಡ್ ಅಂತ ಬರೆದುಕೊಂಡು ಬಂತು, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಅಂತ. ಕಿವಿ, ಬಾಲಕ್ಕೆ ರೇಷ್ಮೆ ಥರ ಕೂದಲು ಬರೋ ಬಗೆಗೆ ಪಶ್ಮಿ ಅಂತ ಇನ್ನೊಂದು ಹೆಸರು. ಎರಡೂ ಒಂದೇ ತಳಿ ಹೌದೋ ಅಲ್ಲವೋ ಅಂತ ಸಾಕೋರ ಮಧ್ಯೆ ಜಗಳ ಇದೆ, ಅದಕ್ಕೆ ನಾನು ಹೋಗಲ್ಲ. ಲೆಕ್ಕ ಬರೆಯೋನಿಗೆ ಬೇಕಾದ್ದು ಇಷ್ಟೇ: ಪೇಪರ್‌ನಲ್ಲಿ ತಳಿಯ ಹೆಸರು ಬೇರೆ ಇದೆ ಅಂದ ಮಾತ್ರಕ್ಕೆ ರಕ್ತ ಬೇರೆ ಅಂತ ತಿಳ್ಕೋಬೇಡಿ. ನನ್ನ ಶೀಟ್‌ನಲ್ಲಿ ಈಗ ತಳಿಗೆ ಎರಡು ಕಾಲಮ್ ಇದೆ. ಒಂದ್ರಲ್ಲಿ ಪೇಪರ್‌ನಲ್ಲಿ ಇದ್ದ ಹಾಗೇ ಬರೀತೀನಿ, ಒಂದಕ್ಷರ ಬದಲಾಯಿಸಲ್ಲ. ಇನ್ನೊಂದ್ರಲ್ಲಿ ನಮ್ಮ ಗುಂಪಿನ ಒಂದೇ ಪದ. ನಾಯಿ ಹೆಸರಿಗೂ ಹಾಗೇ: ರಿಜಿಸ್ಟರ್ ಹೆಸರು, ಮನೆ ಹೆಸರು, ಹಳೆ ಹೆಸರು ಬೇರೆ ಬೇರೆ. ಪ್ರದರ್ಶನದಲ್ಲಿ ಗೆದ್ದ 'ಚಾಂಪಿಯನ್' ಪಟ್ಟ ಹೆಸರಿನ ಭಾಗ ಅಲ್ಲ, ಅದಕ್ಕೆ ಪ್ರತ್ಯೇಕ ಕಾಲಮ್. ಇಲ್ಲಾಂದ್ರೆ ನಾಯಿ ಗೆದ್ದ ದಿನ ಹೊಸ ನಾಯಿ ಹುಟ್ಟಿಬಿಡುತ್ತೆ.

ತಾರೀಕು ಬಗ್ಗೆ ಜಾಸ್ತಿ ಹೇಳಲ್ಲ. 03/04/2021 ಅಂದ್ರೆ ಏಪ್ರಿಲ್ ಮೂರಾ, ಮಾರ್ಚ್ ನಾಲ್ಕಾ? ಒಬ್ಬೊಬ್ಬರ ಫೋನ್ ಒಂದೊಂದು ಥರ. ತಿಂಗಳನ್ನ ಅಕ್ಷರದಲ್ಲಿ ಬರೀರಿ, ಜಗಳ ಮುಗೀತು.

ಆದ್ರೆ ತಾರೀಕಿನಿಂದ ಒಂದು ಒಳ್ಳೆ ಉಪಯೋಗ ಇದೆ. ನಮಗೆ ಕಾಲೇಜಲ್ಲಿ ಟ್ರಯಲ್ ಬ್ಯಾಲೆನ್ಸ್ ಅಂತ ಕಲಿಸ್ತಾರೆ. ಎರಡೂ ಕಡೆ ಟ್ಯಾಲಿ ಆಗ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ. ನಾಯಿ ಲೆಕ್ಕಕ್ಕೂ ಅಂಥದ್ದು ಮಾಡಬಹುದು. ನಾಯಿಯ ಗರ್ಭ ಸುಮಾರು 63 ದಿನ. ಕ್ರಾಸ್ ಮಾಡಿಸಿದ ದಿನಕ್ಕೂ ಮರಿ ಹಾಕಿದ ದಿನಕ್ಕೂ 90 ದಿನ ಅಂತರ ಬಂದ್ರೆ ಎಲ್ಲೋ ತಾರೀಕು ತಪ್ಪು, ಇಲ್ಲಾ ಅಪ್ಪ ತಪ್ಪು. ಅಪ್ಪ ಮಗನಿಗಿಂತ ಆಮೇಲೆ ಹುಟ್ಟಿರಬಾರದು. ನಗಬೇಡಿ, ನಮ್ಮ ಶೀಟ್‌ನಲ್ಲಿ ಅಂಥದ್ದು ಎರಡು ಸಿಕ್ಕಿತ್ತು. ಒಂದೇ ತಾಯಿ ಮೂರು ತಿಂಗಳಲ್ಲಿ ಎರಡು ಸೂಲು ಹಾಕಿದ್ದಾಳೆ ಅಂತಿದ್ರೆ, ಅದು ಸುಳ್ಳು ಅಥವಾ ಎರಡು ಬೇರೆ ತಾಯಂದಿರು. ಇಲ್ಲಿ ಕಾನೂನೂ ಬರುತ್ತೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ಬ್ರೀಡಿಂಗ್ ಮತ್ತು ಮಾರಾಟಕ್ಕೆ ನಿಯಮ ತಂದಿದೆ. ಬ್ರೀಡರ್‌ಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ದಾಖಲೆ ಇಡಬೇಕು, ಚಿಪ್ ಹಾಕಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬೋಕೆ ಮುಂಚೆ ಕ್ರಾಸ್ ಮಾಡಿಸೋ ಹಾಗಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತಮುತ್ತ ಬೆಳೆದವರಿಗೆ ಪಂಜರದಲ್ಲಿ ಹಕ್ಕಿ, ಮೊಲ, ಕಣ್ಣೂ ಸರಿಯಾಗಿ ಬಿಡದ ನಾಯಿಮರಿ ನೋಡಿದ ನೆನಪಿರುತ್ತೆ. ಅಲ್ಲಿ ಅಪ್ಪ ಯಾರು, ಅಮ್ಮ ಯಾರು ಅಂತ ಯಾರು ಕೇಳ್ತಿದ್ರು? ಮರಿ ಬಾಲ ಆಡಿಸಿದ್ರೆ ಸಾಕಿತ್ತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಗೊತ್ತಿಲ್ಲದ್ದನ್ನ ಬರೆಯೋದು ಹೇಗೆ?

ಕಾಮರ್ಸ್‌ನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಯಾರದ್ದು ಅಂತ ಗೊತ್ತಾಗದ ದುಡ್ಡು ಬಂತು ಅಂದ್ರೆ ಸದ್ಯಕ್ಕೆ ಅಲ್ಲಿ ಹಾಕಿಡ್ತೀವಿ, ಆಮೇಲೆ ನೋಡೋಣ ಅಂತ. ನಾನೂ ಅದನ್ನೇ ಮಾಡಿದ್ದೆ. ಗುಂಪಿನ ಒಂಬತ್ತು ನಾಯಿಗಳಿಗೆ ಅಪ್ಪ ಯಾರು ಅಂತ ಗೊತ್ತಿರಲಿಲ್ಲ, ಎಲ್ಲದಕ್ಕೂ 'ಲೋಕಲ್ ಗಂಡು, ಮುಧೋಳ' ಅಂತ ಬರೆದೆ. ಫ್ರೆಂಡ್ ಒಬ್ಬ ಅದನ್ನ ವಂಶಾವಳಿ ಸಾಫ್ಟ್‌ವೇರ್‌ಗೆ ಹಾಕಿದ. ಆ ಸಾಫ್ಟ್‌ವೇರ್ ಪಾಪ, 'ಲೋಕಲ್ ಗಂಡು' ಅನ್ನೋ ಒಬ್ಬನೇ ಮಹಾಪುರುಷ ಒಂಬತ್ತು ಮನೆಯಲ್ಲಿ ಮಕ್ಕಳು ಮಾಡಿದ್ದಾನೆ ಅಂತ ತಿಳ್ಕೊಂಡು, ಆ ಒಂಬತ್ತನ್ನೂ ಒಂದೇ ಅಪ್ಪನ ಮಕ್ಕಳು ಮಾಡಿಬಿಡ್ತು. ಚಂದ್ರಿ ವಿಷಯದಲ್ಲಿ ಒಬ್ಬನನ್ನ ಇಬ್ಬರು ಮಾಡಿದ್ದೆ, ಇಲ್ಲಿ ಒಂಬತ್ತು ಜನರನ್ನ ಒಬ್ಬ ಮಾಡಿದೆ. ನಾಯಿ ಪುಸ್ತಕದಲ್ಲಿ ಎಲ್ಲರಿಗೂ ಸೇರಿ ಒಂದು ಸಸ್ಪೆನ್ಸ್ ಅಕೌಂಟ್ ಇಡೋ ಹಾಗಿಲ್ಲ. ಗೊತ್ತಿಲ್ಲದ ಒಬ್ಬೊಬ್ಬ ಅಪ್ಪನಿಗೂ ಅವನದ್ದೇ ಖಾತೆ ಬೇಕು: ಅಜ್ಞಾತ-001, ಅಜ್ಞಾತ-002, ಹೀಗೆ. ಮುಂದೆ ಗೊತ್ತಾದ್ರೆ ಆ ಖಾತೆಗೆ ಹೆಸರು ಬರೆದ್ರಾಯ್ತು.

ಖಾಲಿ ಜಾಗದಲ್ಲೂ ವ್ಯತ್ಯಾಸ ಇದೆ. 'ಕೇಳಿದೆ, ಯಾರಿಗೂ ಗೊತ್ತಿಲ್ಲ' ಬೇರೆ, 'ಇನ್ನೂ ಕೇಳಿಲ್ಲ' ಬೇರೆ. ಎರಡನ್ನೂ ಖಾಲಿ ಬಿಟ್ರೆ ಆರು ತಿಂಗಳಾದ್ಮೇಲೆ ನಿಮಗೇ ನೆನಪಿರಲ್ಲ.

ಇಷ್ಟೆಲ್ಲ ಮಾಡಿದ್ರೂ ಸೊನ್ನೆಯನ್ನ ನಂಬಬೇಡಿ. ಹೆಚ್ಚಿನ ಮುಧೋಳ ನಾಯಿಗಳ ಪೇಪರ್ ಒಂದೋ ಎರಡೋ ತಲೆಮಾರಿಗೆ ನಿಂತುಹೋಗುತ್ತೆ. ಅದರಾಚೆ ಹಳ್ಳಿ. ಹೊಲ ಕಾಯೋಕೆ, ಮೊಲ ಹಿಡಿಯೋಕೆ ರೈತರು, ಕುರುಬರು ಸಾಕಿದ ನಾಯಿಗಳು. ಅವರಿಗೆ ಎಲ್ಲಾ ಗೊತ್ತಿತ್ತು, ಪೇಪರ್‌ನಲ್ಲಿ ಬರೀಲಿಲ್ಲ ಅಷ್ಟೇ. ಎರಡು ತಲೆಮಾರು ಮಾತ್ರ ನೋಡಿ ಸಂಬಂಧ ಸೊನ್ನೆ ಅಂತ ಬಂದ್ರೆ, ಎರಡು ತಲೆಮಾರಿನೊಳಗೆ ಸಂಬಂಧ ಕಾಣಲಿಲ್ಲ ಅಂತಷ್ಟೇ ಅರ್ಥ. ಹಾಗಾಗಿ ಆ ಅಳತೆ ಬರೆಯೋ ಕಡೆಯೆಲ್ಲ ಪಕ್ಕದಲ್ಲಿ ಎಷ್ಟು ತಲೆಮಾರು ಗೊತ್ತು ಅಂತಲೂ ಬರೀಬೇಕು. ಪೇಪರ್ ಉದ್ದ ಇದ್ದು ನೂರಕ್ಕೆ ಆರು ಬಂದ ನಾಯಿಗಿಂತ, ಪೇಪರೇ ಇಲ್ಲದೆ ಸೊನ್ನೆ ಬಂದ ನಾಯಿ ಒಳ್ಳೇದು ಅಂತ ಹೇಳೋಕಾಗಲ್ಲ.

ಹಾಗಾದ್ರೆ ಪೇಪರ್ ಇಲ್ಲದ ಹಳ್ಳಿ ನಾಯಿಯನ್ನ ಪುಸ್ತಕಕ್ಕೆ ಸೇರಿಸ್ಕೋಬಾರದಾ? ನಮ್ಮ ಗುಂಪಿನಲ್ಲಿ ಇದಕ್ಕೆ ಎರಡು ರಾತ್ರಿ ಜಗಳ ಆಯ್ತು. ಕೆಲವರಿಗೆ ಬಾಗಿಲು ಮುಚ್ಚಬೇಕು, ಇಲ್ಲಾಂದ್ರೆ ತಳಿ ಕೆಡುತ್ತೆ ಅಂತ. ನನ್ನ ಅಭಿಪ್ರಾಯ ಬೇರೆ. ಮುಧೋಳ ಈಗ ಫೇಮಸ್. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, 2016ರಲ್ಲಿ ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2020ರಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ್ರು. ಕರ್ನಾಲ್‌ನಲ್ಲಿರೋ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನ ರಾಜಪಾಳಯಂ, ಚಿಪ್ಪಿಪಾರೈ ಜೊತೆ ದೇಶದ ತಳಿಯಾಗಿ ನೋಂದಾಯಿಸಿದೆ. ಮುಧೋಳದ ಹತ್ರ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಫೇಮಸ್ ಆದ ತಳಿಗೆ ಒಂದು ಅಪಾಯ ಇರುತ್ತೆ: ನಾಲ್ಕೈದು ಹೆಸರಾಂತ ಗಂಡುಗಳನ್ನೇ ಎಲ್ಲರೂ ಕೇಳ್ತಾರೆ. ಹತ್ತು ವರ್ಷದಲ್ಲಿ ಪೇಟೆಯ ನಾಯಿಗಳೆಲ್ಲ ಒಬ್ಬರಿಗೊಬ್ಬರು ದಾಯಾದಿಗಳು. ಆಗ ಹೊಸ ರಕ್ತ ಬರಬೇಕಾದ್ದು ಆ ಪೇಪರ್ ಇಲ್ಲದ ಹಳ್ಳಿ ನಾಯಿಗಳಿಂದಲೇ. ಬಾಗಿಲು ತೆರೆದಿಡಿ, ಆದ್ರೆ ಯಾರು ಯಾವ ಬಾಗಿಲಿನಿಂದ ಬಂದ್ರು ಅಂತ ಬರೆದಿಡಿ. ಅವುಗಳಿಗೆ ಪ್ರತ್ಯೇಕ ಗುರುತು, ಎರಡು ಮೂರು ಜನ ಅನುಭವಿಗಳು ನೋಡಿದ್ದಾರೆ ಅನ್ನೋ ಟಿಪ್ಪಣಿ, ಅಜ್ಞಾತ ಅಪ್ಪ, ಅಜ್ಞಾತ ಅಮ್ಮ. ಸುಳ್ಳು ಅಪ್ಪನಿಗಿಂತ ಅಜ್ಞಾತ ಅಪ್ಪ ವಾಸಿ.

ಸುಳ್ಳು ಅಂದೆ. ಕೆಲವು ಸಲ ಸುಳ್ಳು ಹೇಳೋ ಉದ್ದೇಶ ಇಲ್ಲದೆಯೂ ತಪ್ಪಾಗುತ್ತೆ. ಒಂದೇ ಬೆದೆಯಲ್ಲಿ ಹೆಣ್ಣು ನಾಯಿ ಎರಡು ಗಂಡುಗಳ ಜೊತೆ ಸೇರಿದ್ರೆ, ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರಬಹುದು. ಮಾಲೀಕರು ನೋಡಿದ್ದು ಒಂದನ್ನೇ. ಹಿಂದಿನ ಗೋಡೆ ಹಾರಿ ಬಂದವನ ಲೆಕ್ಕ ಯಾರು ಬರೀತಾರೆ? ರೇಸ್ ಕುದುರೆಗಳಲ್ಲಿ ಈ ಸಮಸ್ಯೆಗೆ ಡಿಎನ್‌ಎ ಪರೀಕ್ಷೆ ಬಂದಿದೆ. 1791ರಿಂದ ವಂಶಾವಳಿ ಪುಸ್ತಕ ಇರೋ ಥರೋಬ್ರೆಡ್ ತಳಿಯಲ್ಲೂ ಈಗ ಬರೀ ಬಾಯಿಮಾತು ನಡೆಯಲ್ಲ, ಮರಿಯ ಅಪ್ಪ–ಅಮ್ಮನನ್ನ ಡಿಎನ್‌ಎಯಲ್ಲಿ ನೋಡಿಯೇ ಬರ್ಕೊಳ್ಳೋದು. ನಾಯಿಗಳಿಗೂ ಆ ಪರೀಕ್ಷೆ ಇದೆ, ನಮ್ಮ ಗುಂಪಿನಲ್ಲಿ ಇನ್ನೂ ಯಾರೂ ಮಾಡಿಸಿಲ್ಲ. ಅಲ್ಲೀವರೆಗೂ ನಮಗೆ ಆಧಾರ ಕ್ರಾಸಿಂಗ್ ದಿನ ಎರಡೂ ಕಡೆಯವರು ಸಹಿ ಹಾಕೋ ಚೀಟಿ. ಅದು ನಮ್ಮ ವೋಚರ್. ವೋಚರ್ ಇಲ್ಲದ ಎಂಟ್ರಿಯನ್ನ ಆಡಿಟರ್ ಒಪ್ಪಲ್ಲ, ನಾನೂ ಈಗ ಒಪ್ಪಲ್ಲ. ಚೀಟಿ ಇದ್ರೆ 'ದಾಖಲೆ ಇದೆ', ಇಲ್ಲಾಂದ್ರೆ 'ಮಾಲೀಕರ ಮಾತು', ಅಷ್ಟು ಬರೆದ್ರೆ ಸಾಕು, ಓದೋರು ತಾವೇ ತೂಕ ಹಾಕ್ತಾರೆ.

ತಪ್ಪು ತಿದ್ದೋ ವಿಷಯದಲ್ಲಿ ಮಾತ್ರ ಚಿಕ್ಕಪ್ಪ ಬಹಳ ಕಟ್ಟುನಿಟ್ಟು. ನಾನು ಶೇರುವಿನ ಅಪ್ಪನ ಸಾಲನ್ನ ಡಿಲೀಟ್ ಮಾಡೋಕೆ ಹೋದಾಗ ಕೈ ಹಿಡಿದ್ರು. "ಲೆಡ್ಜರ್ ಹಾಳೆ ಹರೀತಾರೇನೋ?" ಅಂತ. ಸ್ಟೋರ್ಸ್‌ನಲ್ಲಿ ತಪ್ಪಾದ್ರೆ ಮೇಲೊಂದು ಗೆರೆ ಎಳೆದು, ಓದೋಕೆ ಬರೋ ಹಾಗೆ ಬಿಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿಯಾದ್ದು ಬರೆದು ಸಹಿ ಹಾಕ್ತಿದ್ರಂತೆ. ಯಾಕೆ ಅಂದ್ರೆ, 'ಕಿಂಗ್' ಅಂತ ಇರೋ ಪೇಪರ್ ಇನ್ನೂ ಎಷ್ಟು ಮನೆಯಲ್ಲಿದೆಯೋ. ನಾಳೆ ಯಾರೋ ಅದೇ ಹೆಸರು ಹಿಡ್ಕೊಂಡು ಬಂದ್ರೆ ನಮ್ಮ ಶೀಟ್‌ನಲ್ಲಿ ಅದು ಸಿಗಬೇಕು, ಸಿಕ್ಕು 'ಇದು ರಾಜಾ, ಆ ಖಾತೆಗೆ ಹೋಗಿ' ಅಂತ ಹೇಳಬೇಕು. ಸತ್ತ ನಾಯಿಯ ಸಾಲನ್ನೂ ತೆಗೀಬಾರದು. ಸತ್ತ ದಿನ, ಕಾರಣ ಗೊತ್ತಿದ್ರೆ ಕಾರಣ, ಬರೀಬೇಕು. ಮುಂದಿನ ಮರಿಗಳಿಗೆ ಎಲ್ಲಕ್ಕಿಂತ ಉಪಯೋಗ ಆಗೋ ಕಾಲಮ್ ಅದೇ, ಎಲ್ಲರೂ ಖಾಲಿ ಬಿಡೋದೂ ಅದನ್ನೇ. ತಮ್ಮ ನಾಯಿ ಹೃದಯದ ಕಾಯಿಲೆಯಿಂದ ಹೋಯ್ತು ಅಂತ ಬರೆದ್ರೆ ಮರಿಗಳಿಗೆ ಬೆಲೆ ಬರಲ್ಲ ಅನ್ನೋ ಭಯ. ನಮ್ಮ ಶೀಟ್‌ನಲ್ಲಿ ಸತ್ತ ಏಳು ನಾಯಿಗಳಲ್ಲಿ ಕಾರಣ ಬರೆದಿರೋದು ಎರಡಕ್ಕೆ.

ಶೇರು ಮಾಲೀಕನಿಗೆ ವಿಷಯ ಹೇಳೋಕೆ ಹಲಸೂರು ಕೆರೆ ಹತ್ರ ಭೇಟಿ ಆದ್ವಿ. ಎರಡು ನಾಯಿಗಳನ್ನೂ ಕರ್ಕೊಂಡು ಬಂದಿದ್ರು. ಅವನಿಗೆ ಸ್ವಲ್ಪ ಬೇಜಾರಾಯ್ತು, ಒಂದು ಮರಿ ತನ್ನ ತಂಗಿಗೆ ಕೊಡ್ತೀನಿ ಅಂತ ಹೇಳಿಬಿಟ್ಟಿದ್ದನಂತೆ. "ಬ್ರೋ, ಅರ್ಧ ತಾನೇ, ಅಮ್ಮ ಬೇರೆ ಅಲ್ವಾ, ನಡೆಯುತ್ತೆ" ಅಂತ ಒಂದ್ಸಲ ಹೇಳಿ ನೋಡ್ದ. ಚಿಕ್ಕಪ್ಪ ಮಾತಾಡಲಿಲ್ಲ, ಚಂದ್ರಿ ಬೆಲ್ಟ್ ಬಿಗಿ ಹಿಡ್ಕೊಂಡ್ರು. ಆಮೇಲೆ ಮೂರೂ ಜನ ಟೀ ಕುಡಿದ್ವಿ. ಚಂದ್ರಿ ಮತ್ತೆ ಬೆದೆಗೆ ಬರೋಕೆ ಇನ್ನೂ ಕೆಲವು ತಿಂಗಳಿದೆ. ಅಷ್ಟರಲ್ಲಿ ಬಾಗಲಕೋಟೆ ಕಡೆಯ ಒಂದು ಗಂಡು ನೋಡಿಟ್ಟಿದ್ದೀವಿ. ಅಪ್ಪ ಅಜ್ಞಾತ-014, ಅಮ್ಮ ಅಜ್ಞಾತ-015. ಚಿಪ್ ಹಾಕಿಸಿ ಆಮೇಲೆ ಮಾತು ಅಂತ ಚಿಕ್ಕಪ್ಪ ಹೇಳಿದ್ದಾರೆ.

ನಿಮ್ಮ ಮನೆ ನಾಯಿಯ ಪೇಪರ್ ಎಲ್ಲಿದೆ ಅಂತ ಒಂದ್ಸಲ ನೋಡಿ. ಅದ್ರಲ್ಲಿರೋ ಚಿಪ್ ನಂಬರೂ, ಡಾಕ್ಟ್ರ ಹತ್ರ ಸ್ಕ್ಯಾನ್ ಮಾಡಿಸಿದ್ರೆ ಬರೋ ನಂಬರೂ ಒಂದೇನಾ ಅಂತ ನೋಡಿ ನನಗೆ ಬರೀರಿ. ಮುಂದಿನ ವಾರ ಸಿಗೋಣ.